ತೊಳೆದು ಕಾಯುವ ಕೈಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಪರೇಷನ್ ಥಿಯೇಟರಿನ ಹೊರಗಿನ ನಲ್ಲಿಯ ಕೆಳಗೆ ಒಬ್ಬ ಹೆಂಗಸು ಕೈ ತೊಳೆಯುತ್ತಿದ್ದಾರೆ. ಉಗುರಿನ ಸಂದು, ಬೆರಳು, ಅಂಗೈ, ಮೊಣಕೈವರೆಗೂ ನೊರೆ. ಮೊಣಕೈಯಿಂದಲೇ ನಲ್ಲಿ ನಿಲ್ಲಿಸಿ, ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಲ್ಲುತ್ತಾರೆ. ಇನ್ನು ಆ ಕೈ ಏನನ್ನೂ ಮುಟ್ಟುವಂತಿಲ್ಲ. ಬಾಗಿಲ ಹಿಡಿ ತಗುಲಿದರೂ ತೊಳೆದದ್ದೆಲ್ಲ ದಂಡ. ತಮಾಷೆಯೆಂದರೆ, ಇವರನ್ನು ಒಳಗೆ ಯಾರೂ ಕರೆದೇ ಇಲ್ಲ.

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಇವರು ಇಕ್ಕಳದಕ್ಕ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಪರೇಷನ್ ಟೇಬಲ್ಲಿನ ಪಕ್ಕ ನಿಂತು ಡಾಕ್ಟರ ಅಂಗೈಗೆ ಇಕ್ಕಳ, ಕತ್ತರಿ, ಸೂಜಿ ಇಟ್ಟ ನರ್ಸ್. ಹೋದ ವರ್ಷ ಬಡ್ತಿ ಬಂತು. ಈಗ ಮೇಲಿನ ಮಹಡಿಯಲ್ಲಿ ಕುರ್ಚಿ, ಫೋನು, ಯಾರಿಗೆ ಯಾವ ಪಾಳಿ ಎಂದು ಹಂಚುವ ಕೆಲಸ. ಮನೆಮಂದಿಯೆಲ್ಲ ಹಿಗ್ಗಿದರು. ಇವರು ಮಾತ್ರ ನೀರಿನಿಂದ ತೆಗೆದ ಮೀನಿನಂತಾದರು.

"ಟೇಬಲ್ ಪಕ್ಕ ನಿಂತ್ರೆ ನಾನು ಅನ್ನೋಳೇ ಇರ್ತಿರ್ಲಿಲ್ಲ ನೋಡಿ. ಮಂಡಿನೋವು, ಮನೆ ಚಿಂತೆ, ಗಡಿಯಾರ, ಒಂದೂ ಇಲ್ಲ. ಡಾಕ್ಟ್ರು ಕೈ ಚಾಚೋದು, ನಾನು ಇಡೋದು, ಅಷ್ಟೇ. ಈಗ ಕುರ್ಚೀಲಿ ಕೂತ್ಕೊಂಡು ಗಡಿಯಾರ ನೋಡೋದೇ ಕೆಲಸ," ಎನ್ನುತ್ತಾರೆ.

ಹುಟ್ಟುಗುಣವೇನೋ ಎಂಬಂತೆ ಆ ರೂಢಿ ಮನೆಯಲ್ಲೂ ಬಿಟ್ಟಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ಮಾತಿನ ಭರಕ್ಕೆ ಕೈ ಚಾಚಿದ ಬೀಗಿತ್ತಿಯ ಅಂಗೈಗೆ ಚಟ್ಟನೆ ಚಾಕುವಿನ ಹಿಡಿ ಇಟ್ಟುಬಿಟ್ಟರಂತೆ. "ಪಾಪ, ಬೀಗಿತ್ತಿ ಹೆದರಿ ಎಷ್ಟೋ ದಿನ ಈ ಕಡೆ ತಲೆ ಹಾಕ್ಲಿಲ್ಲ," ಎಂದು ಗಂಡ ನಗುತ್ತಾರೆ. ನಕ್ಕು ಮುಗಿದ ಮೇಲೆ ದನಿ ತಗ್ಗಿಸಿ, "ನಿದ್ದೇಲೂ ಅವಳ ಕೈ ಏನೋ ಹುಡುಕ್ತಾ ಇರುತ್ತೆ ಕಣ್ರೀ," ಎನ್ನುತ್ತಾರೆ.

ಹಳೆಯ ಕೆಲಸಕ್ಕೇ ಕಳಿಸಿ ಎಂದು ಮೇಲಧಿಕಾರಿಯನ್ನು ಕೇಳಿದ್ದೂ ಆಗಿದೆ. "ಏಣಿ ಹತ್ತಿದೋರು ಇಳೀತೀನಿ ಅಂದ್ರೆ ಹೇಗಮ್ಮ?" ಎಂಬ ಉತ್ತರ ಬಂತು. ಉಳಿದದ್ದು ಒಂದೇ ದಾರಿ. ತಮ್ಮ ಜಾಗಕ್ಕೆ ಬಂದ ಥಿಯೇಟರ್ ನರ್ಸ್ ಬಾರದ ದಿನ ಇವರು ನಿಲ್ಲಬಹುದು. ಅದಕ್ಕೇ ದಿನಾ ಈ ಕೈತೊಳೆತ. ಆ ನರ್ಸ್ ಬರುವುದು ಕಂಡ ಕೂಡಲೇ ಇಕ್ಕಳದಕ್ಕ ಕೈ ಇಳಿಸಿ, ತಾವೇ ಬಾಗಿಲ ಹಿಡಿ ಮುಟ್ಟಿ ತಳ್ಳಿ ಅವಳಿಗೆ ದಾರಿ ಮಾಡಿಕೊಡುತ್ತಾರೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಎಂದು ಆಯಾಗಳು ನಗುತ್ತಾರೆ. ಇವರ ಬಗ್ಗೆ ಬರೆಯಲು ಹೋದ ನನಗೇಕೋ ನಗು ಬರಲಿಲ್ಲ.

"ಯಾರಿಗೂ ಜ್ವರ ಬರ್ಲಿ ಅಂತ ಬೇಡ್ಕೊಳ್ಳೋಳಲ್ಲ ನಾನು," ಎನ್ನುತ್ತಾರೆ ಇಕ್ಕಳದಕ್ಕ. "ಅವಳ ಬಸ್ಸು ಸ್ವಲ್ಪ ತಡ ಆಗ್ಲಿ ಅಂತ ಅಂದ್ಕೊಂಡಿದ್ದುಂಟು. ಸುಳ್ಳು ಯಾಕೆ ಹೇಳ್ಲಿ?"

ನಾನು ಹೋದ ದಿನ ಬಸ್ಸು ನಿಜಕ್ಕೂ ಕೆಟ್ಟು ನಿಲ್ಲುತ್ತದೆ. ಕರುಳು ತಿರುಚಿಕೊಂಡ ಎಳೆಗೂಸು ಟೇಬಲ್ಲಿನ ಮೇಲಿದೆ. ಕಾಯುವ ಹಾಗಿಲ್ಲ. "ಅಕ್ಕಾ, ಬೇಗ ಬನ್ನಿ!" ಎಂದು ಡಾಕ್ಟರು ಒಳಗಿನಿಂದ ಕೂಗುತ್ತಾರೆ. ಇಕ್ಕಳದಕ್ಕ ಬೆನ್ನಿನಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತಾರೆ.

ನಾನು ಬಾಗಿಲ ಗಾಜಿನಿಂದ ನೋಡುತ್ತೇನೆ. ಡಾಕ್ಟರು ಕಣ್ಣೆತ್ತದೆ ಕೈ ಚಾಚುತ್ತಾರೆ. ಬೇಕಾದದ್ದು ಆಗಲೇ ಅಂಗೈಯಲ್ಲಿರುತ್ತದೆ. ಮಂಡಿನೋವಿನ ಹೆಂಗಸು ಒಮ್ಮೆಯೂ ಕಾಲು ಬದಲಿಸುವುದಿಲ್ಲ. ಮಾಸ್ಕಿನ ಮೇಲಿನ ಆ ಕಣ್ಣುಗಳನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ನನ್ನ ಕೆಲಸದಲ್ಲಿ ನಾನು ಹೀಗೆ ಮೈಮರೆತು ಎಷ್ಟು ಕಾಲವಾಯಿತೋ.

ಅಷ್ಟರಲ್ಲಿ ಥಿಯೇಟರ್ ನರ್ಸ್ ಏದುಸಿರು ಬಿಡುತ್ತ ಓಡಿ ಬರುತ್ತಾಳೆ. ಸಮವಸ್ತ್ರ ಬದಲಿಸಿ, ಮೊಣಕೈವರೆಗೆ ತೊಳೆದು, ಕೈ ಎತ್ತಿಕೊಂಡು ಬಾಗಿಲ ಮುಂದೆ ನಿಲ್ಲುತ್ತಾಳೆ. ಪಾಳಿ ಅವಳದು. ಅವಳು ಒಳಗೆ ಹೋದರೆ ಇಕ್ಕಳದಕ್ಕ ಜಾಗ ಬಿಡಲೇಬೇಕು. ಗಾಜಿನಿಂದ ಒಳಗೆ ಇಣುಕಿ ಇಕ್ಕಳದಕ್ಕನನ್ನು ನೋಡುತ್ತಾಳೆ. ಆಮೇಲೆ ಬಾಗಿಲ ಹಿಡಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ.

"ಅಯ್ಯೋ, ಮುಟ್ಟಿಬಿಟ್ಟೆ," ಎನ್ನುತ್ತಾಳೆ ನನ್ನತ್ತ ತಿರುಗಿ.

ಮಗು ಉಳಿಯುತ್ತದೆ. ಹೊರಗೆ ಬಂದ ಇಕ್ಕಳದಕ್ಕ, "ಬೆಳಗಿನ ಟೀ ಬಂತಾ?" ಎಂದು ಕೇಳುತ್ತಾರೆ. ಊಟದ ಹೊತ್ತೂ ಮೀರಿದೆ. ಬೆಂಚಿನ ಮೇಲೆ ಕುಳಿತ ನರ್ಸನ್ನು ಕಂಡು, "ನೀನ್ಯಾವಾಗ ಬಂದೆ?" ಎಂದರೆ, ಅವಳು "ಈಗ್ತಾನೇ ಅಕ್ಕಾ," ಎನ್ನುತ್ತಾಳೆ. ಅವಳ ಮೊಣಕೈಯಲ್ಲಿ ಸೋಪಿನ ನೊರೆ ಒಣಗಿ ಬೆಳ್ಳಗೆ ಹಿಡಿದಿದೆ. ಇಕ್ಕಳದಕ್ಕ ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸುತ್ತಾರೆ.

ನಿಮಗೇನು ಆಸೆ ಎಂದು ಹೊರಡುವಾಗ ಕೇಳುತ್ತೇನೆ. ಮೇಲಿನ ಮಹಡಿಯ ಮೆಟ್ಟಿಲಲ್ಲಿ ಅವರ ಮಂಡಿ ಮತ್ತೆ ನೋಯತೊಡಗಿದೆ.

"ನಾಳೆ ಅವಳ ಬಸ್ಸು ಹೊತ್ತಿಗೆ ಸರಿಯಾಗಿ ಬರ್ಲಿ," ಎನ್ನುತ್ತಾರೆ. "ನಾನಂತೂ ಕೈ ತೊಳೆದು ನಿಂತಿರ್ತೀನಿ."