ಸದ್ದು ಮಾಡದ ಪ್ಯಾಂಟು

ಹೆಲ್ವಿ ಯುಂತುನೆನ್ ವಾಕಿಟಾಕಿಯಲ್ಲಿ ಆಡಿದ ಒಂದು ಮಾತನ್ನು ಕಲೆರ್ವೊ ಮೊಯ್ಲನೆನ್ ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಪೈಕಿಯೂ ಅಲ್ಲ ಅವನು. ಊರಿನ ರಸ್ತೆಗಳ ಹಿಮ ಗೋರುವ ಲಾರಿ ಓಡಿಸುವವನು. ಎದುರಿಗೆ ಸಿಕ್ಕಿದ್ದನ್ನು ಬದಿಗೆ ತಳ್ಳಿ ಅಭ್ಯಾಸವೇ ಹೊರತು ಬಳಸಿಕೊಂಡು ಹೋಗಿ ಅಭ್ಯಾಸವಿಲ್ಲ.

ಆದದ್ದು ಇಷ್ಟು. ಫಿನ್‌ಲೆಂಡಿನ ಕೈನೂ ಸೀಮೆಯ ಆ ಊರಿನಲ್ಲಿ ಮೂಸ್ ಕಡವೆಯ ಬೇಟೆ ಎಂದರೆ ಇಡೀ ಊರಿನ ಕೆಲಸ. ಒಂದಷ್ಟು ಜನ ನಾಯಿ ಹಿಡಿದು, ಹೋ ಎಂದು ಕೂಗುತ್ತ ಕಾಡು ಸೋವಿ ಕಡವೆ ಎಬ್ಬಿಸುತ್ತಾರೆ. ಉಳಿದವರು ಕಡವೆ ದಾಟುವ ಕಂಡಿಗಳಲ್ಲಿ ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಕಾದು ಹೊಡೆಯುವ ಜಾಗಕ್ಕೆ, ಕೂರುತ್ತಾರೆ. ಯಾವ ಬಿಲ್ಲು ಯಾರದು ಎಂಬುದು ಹೊಲದ ಬದುವಿನಷ್ಟು ಖಚಿತ. ಉದ್ದ ಜೌಗಿನ ಬಿಲ್ಲು ಕಲೆರ್ವೊನ ಅಪ್ಪನದು, ಅಪ್ಪ ಹೋದ ಮೇಲೆ ಕಲೆರ್ವೊನದು. ಊರಿಗೇ ಒಳ್ಳೆಯ ಜಾಗ ಅದು. ಜೌಗಿನಾಚೆ ದಿಣ್ಣೆಯ ಮೇಲಿನ ಬಿಲ್ಲು ಹೆಲ್ವಿಯದು. ಟಪಾಲು ಹಂಚಿ ನಿವೃತ್ತಳಾದ ವಿಧವೆ. ಕಣ್ಣು ಗಿಡುಗನದು, ನಾಲಿಗೆಯೂ ಅದರ ಕೊಕ್ಕಿನ ಹಾಗೆ.

ಆ ವರ್ಷ ಕಲೆರ್ವೊ ಹೊಸ ಬೇಟೆ ಪ್ಯಾಂಟು ಕೊಂಡಿದ್ದ. ಔಲಿಸನ ಬೆಚ್ಚನೆಯ ಅಂಗಡಿಯೊಳಗೆ ಅದು ಬೆಕ್ಕಿನ ಹೆಜ್ಜೆಯಷ್ಟು ಮೆತ್ತಗಿತ್ತು. ನವೆಂಬರಿನ ಕೊರೆಯುವ ಬೆಳಗ್ಗೆ ಅದೇ ಪ್ಯಾಂಟು ತಗಡಾಯಿತು. ದೊಡ್ಡ ಗಂಡು ಕಡವೆಯೊಂದು ಜೌಗಿಗೆ ಕಾಲಿಟ್ಟಿತು. ಕಲೆರ್ವೊ ಗುರಿ ಹಿಡಿಯಲೆಂದು ಮಂಡಿ ಅಲುಗಿಸಿದ. ಪ್ಯಾಂಟು 'ಕರಕ್' ಅಂದಿತು. ಕಡವೆ ಬಂದ ದಾರಿಯಲ್ಲೇ ಮಾಯ. ಆಗ ಇಡೀ ತಂಡದ ವಾಕಿಟಾಕಿಗಳಲ್ಲಿ ಹೆಲ್ವಿಯ ದನಿ ಬಂತು:

"ಜೌಗಿನ ಹತ್ರ ಯಾರಪ್ಪ ಅದು, ಒಣರೊಟ್ಟಿ ಕಡೀತಿರೋದು? ತಿಂದು ಮುಗಿದ್ಮೇಲೆ ಹೇಳಿ, ಕಡವೇನ ಇನ್ನೊಂದ್ಸಲ ಕಳಿಸ್ತೀವಿ."

ಅಷ್ಟೇ. ಅವತ್ತಿನಿಂದ ಕಲೆರ್ವೊ 'ಒಣರೊಟ್ಟಿ' ಆದ. ಪೆಟ್ರೋಲ್ ಬಂಕಿನಲ್ಲಿ, ಹಬೆಮನೆ ಸೌನಾದ ಮೆಟ್ಟಿಲ ಮೇಲೆ, ಕೊನೆಗೆ ಮದುವೆಮನೆಯ ಊಟದ ಮೇಜಿನಲ್ಲೂ ಯಾರಾದರೂ ರೊಟ್ಟಿ ಬುಟ್ಟಿಯನ್ನು ಅವನ ಮುಂದೆ ತಳ್ಳಿ ಮುಸಿಮುಸಿ ನಗುವರು. ಇಷ್ಟು ಸಾಲದೆಂದು ಬೇಟೆ ತಂಡದ ಯಜಮಾನ ರೇನೊ ಕರ್ಪ್ಪಿನೆನ್ ಮುಂದಿನ ಋತುವಿಗೆ ಮೊದಲೇ ಅವನನ್ನು ಪಕ್ಕಕ್ಕೆ ಕರೆದ.

"ನೋಡು ಕಲೆರ್ವೊ, ಆ ಜಾಗದಲ್ಲಿ ಇನ್ನೊಂದು ಕಡವೆ ಕೈತಪ್ಪಿದ್ರೆ ನಿನ್ನನ್ನ ಸೋವೋರ ಜೊತೆ ಕಳಿಸ್ತೀನಿ. ಕೂಗಾಡೋದು ಹೆಂಗೂ ನಿಂಗೆ ಚೆನ್ನಾಗಿ ಬರುತ್ತೆ."

"ನಮ್ಮಪ್ಪನ ಜಾಗ ಅದು!"

"ನಿಮ್ಮಪ್ಪ ಕೂತಿದ್ರೆ ಕಾಗೆ ಬಂದು ತಲೆ ಮೇಲೆ ಕೂರ್ತಿತ್ತು. ನೀನು ಕೂತ್ರೆ ಪಕ್ಕದೂರಿನ ನಾಯಿ ಬೊಗಳತ್ತೆ. ನನ್ನ ಅಳಿಯ ಬೇರೆ ಆ ಜಾಗ ಕೇಳ್ತಾ ಇದಾನೆ."

ಸರಿ, ಕಲೆರ್ವೊ ಔಲಿಸನ ಅಂಗಡಿಗೆ ನುಗ್ಗಿದ. ಹಳೇ ಪ್ಯಾಂಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಎಸೆದ. ಔಲಿಸ್ ಮೃದು ಮನುಷ್ಯ, ಕೋಪ ಬಂದರೆ ಕನ್ನಡಕ ಒರೆಸಿಕೊಳ್ಳುವನು. ಅವತ್ತು ಬಹಳ ಹೊತ್ತು ಒರೆಸಿಕೊಂಡ.

"ಇದು ಬಹಳ ಮುಂದುವರಿದ ಬಟ್ಟೆ ಕಲೆರ್ವೊ. ಇದು ಉಸಿರಾಡತ್ತೆ."

"ಉಸಿರಾಡೋಕೆ ನಾನಿದ್ದೀನಿ! ಪ್ಯಾಂಟು ಯಾಕಯ್ಯ ಉಸಿರಾಡ್ಬೇಕು? ಬಾಯ್ಮುಚ್ಕೊಂಡಿದ್ರೆ ಸಾಕು!"

ಆದರೆ ಪೆಟ್ಟು ತಿಂದವನಿಗೆ ಈ ಸಲ ಬುದ್ಧಿ ಬಂದಿತ್ತು. ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಂಡು ಬಟ್ಟೆ ಕೊಳ್ಳುವುದು ಮೂರ್ಖರ ಕೆಲಸ ಎಂದು ಅವನು ತೀರ್ಮಾನಿಸಿದ್ದ. ಬಿಲ್ಲಿನಲ್ಲಿ ಯಾರೂ ಹೊಟ್ಟೆ ಒಳಗೆಳೆದುಕೊಂಡು ಕೂರುವುದಿಲ್ಲ. ಉಣ್ಣೆಯ ಒಳಚಡ್ಡಿ, ದಪ್ಪ ಸ್ವೆಟರು, ಬೂಟು, ಕೈಗವಸು ಎಲ್ಲವನ್ನೂ ಮನೆಯಿಂದಲೇ ತೊಟ್ಟು ಬಂದಿದ್ದ. ಅದರ ಮೇಲೆ ಔಲಿಸ್ ಕೊಟ್ಟ ಸೂಟುಗಳನ್ನು ಒಂದಾದ ಮೇಲೊಂದು ಹಾಕಿಕೊಂಡು ಅಂಗಡಿಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ, ಅಂಬೆಗಾಲಿಟ್ಟ, ಬಿದ್ದ ಮರ ದಾಟುವ ಹಾಗೆ ಮೀನಿನ ಬಲೆಗಳ ಪೆಟ್ಟಿಗೆ ದಾಟಿದ. ಪೊರಕೆಯನ್ನು ಕೋವಿಯ ಹಾಗೆ ಭುಜಕ್ಕೇರಿಸಿ ನೋಡಿದ. ಕೈ ಎತ್ತಿದಾಗ ಕಂಕುಳ ಹಿಡಿಯಿತೋ, ಆ ಸೂಟು ಹೊರಗೆ. ಬಗ್ಗಿದಾಗ ಸೊಂಟಕ್ಕೆ ಗಾಳಿ ತಾಗಿತೋ, ಹೊರಗೆ. ಕತ್ತು ಎಡಕ್ಕೆ ತಿರುಗಿಸಿದಾಗ ಟೋಪಿ ತಿರುಗದೆ ಒಂದು ಕಣ್ಣು ಮುಚ್ಚಿತೋ, ಅದೂ ಹೊರಗೆ. ಜೇಬನ್ನು ಪರ್ರ್ ಎಂದು ಕಿತ್ತು ತೆರೆಯಬೇಕಾದ ಸೂಟನ್ನು ಮುಟ್ಟಲೂ ಇಲ್ಲ. ಕೊನೆಗೆ ಕೈಗವಸು ಹಾಕಿಕೊಂಡೇ ಪ್ಯಾಂಟಿನ ಮುಂದಿನ ಜಿಪ್ಪು ಎಳೆಯುವ ಪರೀಕ್ಷೆಗೆ ಇಳಿದಾಗ, ಉಣ್ಣೆ ಕಾಲುಚೀಲ ಆರಿಸುತ್ತಿದ್ದ ಪಾದ್ರಿಯ ಹೆಂಡತಿ ಚೀಲವನ್ನು ಅಲ್ಲೇ ಬಿಟ್ಟು ಹೊರಟುಹೋದಳು.

"ಕಲೆರ್ವೊ, ದಮ್ಮಯ್ಯ," ಎಂದ ಔಲಿಸ್, "ಮೂರು ಸೂಟು ಮನೆಗೆ ತಗೊಂಡು ಹೋಗು. ಹಿಡಿಸಿದ್ದು ಇಟ್ಕೋ, ಉಳಿದದ್ದು ವಾಪಸ್ ತಾ. ರಕ್ತ ಮಾತ್ರ ತಾಗಿಸ್ಬೇಡ. ಮತ್ತೆ ಇಲ್ಲಿ ಪರೀಕ್ಷೆ ಬೇಡ."

ಮನೆಯಲ್ಲಿ ಹೆಂಡತಿ ತೂಲಿಕ್ಕಿ ಅವನ ಮುಂದಿನ ಯೋಚನೆ ಕೇಳಿ ಕೈಲಿದ್ದ ಸೌಟು ಕೆಳಗಿಟ್ಟಳು. ತಂಡದ ಕಸಾಯಿ ಕೊಟ್ಟಿಗೆಯಲ್ಲಿ ಕಡವೆ ಮಾಂಸ ತೂಗುಹಾಕುವ ಶೀತಕೋಣೆಯೊಂದಿತ್ತು, ಅದರ ಯಂತ್ರವನ್ನು ಪೂರ್ತಿ ಚಳಿಗೆ ತಿರುಗಿಸಿ, ಒಳಗೆ ಕೂತು, ಬಟ್ಟೆಯ ಸದ್ದನ್ನು ಅಳೆಯುವುದು ಅವನ ಯೋಚನೆ. ಅಳೆಯುವವನು ತುರ್ರೆ, ಅವನ ನಾಯಿ.

"ನಾಯಿ ಹೆಂಗೆ ಅಳೆಯತ್ತೆ?"

"ಅದರ ಬೆನ್ನ ಹಿಂದೆ ಕೂತು ನಾನು ಕೈಕಾಲು ಆಡಿಸ್ತೀನಿ. ಕಿವಿ ತಿರುಗಿಸಿದ್ರೆ ಬಟ್ಟೆ ಫೇಲು. ತುರ್ರೆಗೆ ಕೇಳಿಸದ್ದು ಕಡವೆಗೂ ಕೇಳಿಸಲ್ಲ."

"ನನ್ನ ಮಾತು ನಿಂಗೆ ಕೇಳಿಸಲ್ವಲ್ಲ, ನಿಂಗೆ ಯಾವ ಬಟ್ಟೆ ಹಾಕಿ ನೋಡ್ಲಿ?" ಎಂದಳು ತೂಲಿಕ್ಕಿ. ಆದರೂ ಫ್ಲಾಸ್ಕಿಗೆ ಕಾಫಿ ತುಂಬಿ ಕೊಟ್ಟಳು.

ಮೊದಲ ಸೂಟು. ಕಲೆರ್ವೊ ಮಗುಚಿದ ಬಕೆಟ್ಟಿನ ಮೇಲೆ ಕೂತು ಮಂಡಿ ಅಲುಗಿಸಿದ. ತುರ್ರೆಯ ಎಡಗಿವಿ ತಿರುಗಿತು. ಫೇಲು. ಎರಡನೆಯದಕ್ಕೆ ನಾಯಿ ಎದ್ದುಬಂದು, ಇದೇನು ಹುಚ್ಚಾಟ ಎನ್ನುವಂತೆ ಮುಖವನ್ನೇ ನೋಡಿತು. ಅದೂ ಫೇಲು. ಮೂರನೆಯದು ಹೊರಗೆ ಮೆತ್ತನೆ ತುಪ್ಪಳದಂಥ ಬಟ್ಟೆ, ಒಳಗೆ ಹತ್ತಿಯಂಥದ್ದೇನೋ ತುಂಬಿದ್ದು, ಎದೆಯ ಒಳಭಾಗದಲ್ಲಿ ವಾಕಿಟಾಕಿಗೆಂದೇ ಒಂದು ದಪ್ಪ ಜೇಬು. ಅದನ್ನು ತೊಟ್ಟು ಕಲೆರ್ವೊ ಕೂತ, ಎದ್ದ, ಪೊರಕೆ ಎತ್ತಿದ, ಇಳಿಸಿದ, ಮಂಡಿಯೂರಿದ. ತುರ್ರೆ ಅಲುಗಲಿಲ್ಲ. ಬಗ್ಗಿ ನೋಡಿದರೆ ನಿದ್ದೆ ಹೊಡೆಯುತ್ತಿತ್ತು.

ಆಗಲೇ ಬಾಗಿಲು ತೆರೆಯಿತು. ರೇನೊ. ತೂಗುಹಾಕಿದ್ದ ಕಡವೆಯ ತೊಡೆಗೆ ಕಲೆರ್ವೊ ಪೊರಕೆಯಿಂದ ಗುರಿ ಹಿಡಿದಿದ್ದ.

ರೇನೊ ಬಹಳ ಹೊತ್ತು ನೋಡಿದ. "ಅದು ಸತ್ತಾಯ್ತು ಕಣಯ್ಯ," ಎಂದ ಮೆಲ್ಲಗೆ. "ಇನ್ನೆಲ್ಲೂ ಓಡಲ್ಲ. ಮನೆಗೆ ಹೋಗು."

ಉದ್ದ ಜೌಗಿನ ಬೇಟೆಯ ದಿನ ಬಂತು. ಹೊಸ ಹಿಮ ಬಿದ್ದಿತ್ತು, ಚಳಿ ಮೂಗಿನ ಕೂದಲನ್ನು ಅಂಟಿಸುತ್ತಿತ್ತು. ಕಲೆರ್ವೊ ತುರ್ರೆಯನ್ನು ಸೋವುವವರ ಕೈಗೆ ಕೊಟ್ಟು, ಸೂಟಿನ ಮೇಲೆ ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು, ಅಪ್ಪನ ಬಿಲ್ಲಿನಲ್ಲಿ ಕೂತ. ಕೋವಿ ಮಂಡಿಯ ಮೇಲೆ, ವಾಕಿಟಾಕಿ ಆ ದಪ್ಪ ಜೇಬಿನೊಳಗೆ. ಮೈ ಅಲುಗಿಸಿ ನೋಡಿದ, ಸದ್ದಿಲ್ಲ. ಗಾಳಿ ಬೀಸಿತು, ಒಳಗೆ ಬರಲಿಲ್ಲ. ಬೆನ್ನು ಬೆಚ್ಚಗೆ, ಹೊಟ್ಟೆ ಬೆಚ್ಚಗೆ, ತೊಡೆಯ ಸಂದಿಯಲ್ಲಿ ಒಂದು ಹೊಲಿಗೆಯೂ ಒತ್ತುವುದಿಲ್ಲ. ಹುಟ್ಟಿದಾರಭ್ಯ ಬಿಲ್ಲಿನಲ್ಲಿ ಅವನಿಗೆ ಇಷ್ಟು ಸುಖ ಸಿಕ್ಕಿರಲಿಲ್ಲ. ಎಲ್ಲಿಯೋ ದೂರದಲ್ಲಿ ಸೋವುವವರ ಕೂಗು ಜೋಗುಳದ ಹಾಗೆ ಕೇಳಿಸಿತು. ಹಿಡಿದ ಕೆಲಸ ಗೆದ್ದೆ ಎಂದುಕೊಂಡ. ಅದೇ ಅವನು ಎಂದುಕೊಂಡ ಕೊನೆಯ ಮಾತು.

ಎಚ್ಚರವಾದದ್ದು ಈಡಿನ ಸದ್ದಿಗೆ. ಅವನ ಈಡಲ್ಲ, ಹೆಲ್ವಿಯದು. ಗಲ್ಲದ ಮೇಲೆ ಜೊಲ್ಲು ಹೆಪ್ಪುಗಟ್ಟಿತ್ತು. ದಿಣ್ಣೆಯ ಬುಡದಲ್ಲಿ ಕಡವೆ ಬಿದ್ದಿತ್ತು. ಅದರ ಹೆಜ್ಜೆ ಎಲ್ಲಿಂದ ಬಂದವು ಎಂದು ಕಲೆರ್ವೊ ಕಣ್ಣು ಹಾಯಿಸಿದ. ಅವನ ಬೂಟಿನ ಮುಂದೆಯೇ ಹಾದಿದ್ದವು. ಹಾದುಹೋದದ್ದಷ್ಟೇ ಅಲ್ಲ, ಅಲ್ಲಿ ನಿಂತು, ಅವನನ್ನು ನೋಡಿ, ನಿಧಾನಕ್ಕೆ ಹಿಕ್ಕೆ ಹಾಕಿ ಹೋಗಿತ್ತು. ಹಿಕ್ಕೆಯಿಂದ ಇನ್ನೂ ಹಬೆ ಏಳುತ್ತಿತ್ತು. ಕಾಲಿನಿಂದ ಹಿಮ ಎಳೆದು ಮುಚ್ಚೋಣ ಎನ್ನುವಷ್ಟರಲ್ಲಿ ರೇನೊ, ಅವನ ಅಳಿಯ, ನಾಯಿಗಳು, ಅರ್ಧ ಊರು ಬಂದು ಸುತ್ತ ನಿಂತಿತ್ತು. ಹೆಲ್ವಿಯೂ ದಿಣ್ಣೆ ಇಳಿದು ಬಂದಳು.

ರೇನೊ ಹಿಕ್ಕೆ ನೋಡಿದ. ಬೂಟು ನೋಡಿದ. ಕಲೆರ್ವೊನ ಮುಖ ನೋಡಿದ.

"ಕಡವೆ ಇಲ್ಲಿ ಬಂದು ಬಿಡಾರ ಹೂಡಿ ಹೋಗಿದೆ. ನೀನೇನ್ ಮಾಡ್ತಿದ್ದೆ ಮಾರಾಯ, ಅದಕ್ಕೆ ಒರೆಸ್ಕೊಳ್ಳೋಕೆ ಕಾಗದ ಹಿಡ್ಕೊಂಡು ನಿಂತಿದ್ಯಾ?"

ಎಲ್ಲರೂ ನಕ್ಕರು. ಅಳಿಯ ಎಲ್ಲರಿಗಿಂತ ಜೋರಾಗಿ ನಕ್ಕ. ಕಲೆರ್ವೊ ಬಾಯಿ ತೆರೆದ. ಬಿಲ್ಲಿನಲ್ಲಿ ನಿದ್ದೆ ಹೋದವನಿಗೆ ಜೀವಮಾನದಲ್ಲಿ ಮತ್ತೆ ಬಿಲ್ಲಿಲ್ಲ. ಆ ಕಟ್ಟಳೆ ಮಾಡಿದವನೇ ಅವನ ಅಪ್ಪ. ಯಾರನ್ನಾದರೂ ಬೈದು ತಪ್ಪಿಸಿಕೊಳ್ಳೋಣವೆಂದು ಸುತ್ತ ನೋಡಿದ.

"ನಗೋದೇನಿದೆ?" ಎಂದಳು ಹೆಲ್ವಿ. "ಅವನ ಗುರಿಯ ನೇರಕ್ಕೆ ಕಡವೆ, ಕಡವೆಯ ಹಿಂದೆ ನಾನು. ಅವನು ಈಡು ಬಿಟ್ಟಿದ್ರೆ ನೀವಿವತ್ತು ನನ್ನ ತೂಗುಹಾಕ್ಬೇಕಿತ್ತು. ಉಸಿರು ಬಿಡದೆ, ರೆಪ್ಪೆ ಬಡೀದೆ ಕೂತಿದ್ದ. ಕಡವೇನೇ ಮರ ಅಂದ್ಕೊಳ್ತು. ಅಷ್ಟು ಹತ್ರ ಬಂದದ್ದನ್ನ ನಂಗೋಸ್ಕರ ಬಿಟ್ಟುಕೊಡೋಕೆ ನಿಮ್ಮಲ್ಲಿ ಯಾರಿಗೆ ಎದೆ ಇದೆ ಹೇಳಿ."

ರೇನೊ ಟೋಪಿ ತೆಗೆದ. ಒಬ್ಬೊಬ್ಬರೇ ಬಂದು ಕಲೆರ್ವೊನ ಕೈ ಕುಲುಕಿದರು. ಕಡವೆ ಹೊಡೆದವರಿಗೆ ಸಲ್ಲುವ ನಾಲಿಗೆಯಲ್ಲಿ ಅರ್ಧ ಅವನಿಗೂ ಹೋಗಲಿ ಎಂದು ಎಲ್ಲರೂ ಒಪ್ಪಿದರು. ಅವತ್ತು ಸಂಜೆ ತೂಲಿಕ್ಕಿ ಆ ನಾಲಿಗೆಯನ್ನು ಬೇಯಿಸಿ, ಮೇಲೆ ಕೆಂಪು ಹಣ್ಣಿನ ಗೊಜ್ಜು ಸುರಿದು ಮುಂದಿಟ್ಟಳು. ಕಲೆರ್ವೊ ತಟ್ಟೆಯನ್ನು ತುರ್ರೆಯ ಮುಂದೆ ಸರಿಸಿದ.

ಮಾರನೆಯ ದಿನವೇ ಹೆಲ್ವಿಯ ಅಂಗಳಕ್ಕೆ ಲಾರಿ ತಂದು ನಿಲ್ಲಿಸಿದ.

"ಯಾಕೆ ಸುಳ್ಳು ಹೇಳ್ದೆ?" ಎಂದ, ಜಗಳಕ್ಕೆ ಬಂದವನ ಹಾಗೆ.

"ವಾಕಿಟಾಕೀಲಿ ಮೂರ್ನಾಲ್ಕು ಸಲ ಪಿಸುಗುಟ್ಟಿದೆ, 'ಕಲೆರ್ವೊ, ಬರ್ತಿದೆ' ಅಂತ. ಜೌಗಿನ ಮೇಲಿಂದ ನಿನ್ನ ಗೊರಕೆ ಬಿಟ್ಟು ಬೇರೇನೂ ತೇಲಿ ಬರ್ಲಿಲ್ಲ."

"ಅದು ಜೇಬಿನ ತಪ್ಪು. ದಪ್ಪ ಜೇಬು. ಸದ್ದು ಹೊರಗೇ ಬರಲ್ಲ. ಆದ್ರೆ ಸುಳ್ಳು ಯಾಕೆ ಹೇಳ್ದೆ?"

"ನಿಜ ಹೇಳಿದ್ರೆ ಆ ಜಾಗಕ್ಕೆ ರೇನೊ ಅಳಿಯ ಬರ್ತಿದ್ದ. ಅವನು ಬೆಳಗಿಂದ ಸಂಜೆವರೆಗೆ ಫೋನಲ್ಲಿ ಮಾತಾಡ್ತಾನೆ. ನೀನು ಗೊರಕೆ ಹೊಡೀತೀಯ, ಆದ್ರೆ ಉತ್ತರ ಕೇಳಲ್ಲ."

"ಏನ್ ಬೇಕು ಹೇಳು. ನಾನು ಯಾರ ಹಂಗಲ್ಲೂ ಇರೋನಲ್ಲ."

"ಯೋಚಿಸ್ತೀನಿ," ಎಂದಳು ಹೆಲ್ವಿ, ಬಾಗಿಲು ಹಾಕಿಕೊಂಡಳು.

ಸೂಟನ್ನು ಕಲೆರ್ವೊ ಅಂಗಡಿಗೆ ಹೊತ್ತುಕೊಂಡು ಹೋದ. "ಇದ್ರಲ್ಲೇನು ಕೊರತೆ?" ಎಂದು ಔಲಿಸ್ ಕೇಳಿದ. "ಒಂದೂ ಇಲ್ಲ. ಅದೇ ಕೊರತೆ!" ಎಂದು ಕೂಗಿದ ಕಲೆರ್ವೊ. ಔಲಿಸ್ ಕನ್ನಡಕ ತೆಗೆದ. ತೊಟ್ಟು ನಿದ್ದೆ ಮಾಡಿದ ಬಟ್ಟೆಯನ್ನು ಅವನು ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ ತೂಲಿಕ್ಕಿಯೇ ದಾರಿ ಕಂಡುಹಿಡಿದಳು. ಅವಳ ಅಮ್ಮ ಹೆಣೆದುಕೊಟ್ಟ, ಕಂಬಳಿಹುಳದ ಹಾಗೆ ಚುಚ್ಚುವ ಉಣ್ಣೆಯ ಒಳಚಡ್ಡಿಯೊಂದು ಪೆಟ್ಟಿಗೆಯ ತಳದಲ್ಲಿತ್ತು. ಅದರ ಮೇಲೆ ಆ ಸೂಟು ತೊಟ್ಟರೆ ಹೊರಗೆ ಸದ್ದಿಲ್ಲ, ಒಳಗೆ ನಿದ್ದೆಯಿಲ್ಲ. ಅಳಿಯಂದಿರು ಅತ್ತೆಯನ್ನು ಬಿಲ್ಲಿನಲ್ಲಿ ಕೂತು ನೆನೆಯುವುದು ಅಪರೂಪ. ಕಲೆರ್ವೊ ನಿಮಿಷಕ್ಕೊಮ್ಮೆ ನೆನೆದ. ಅದಾದ ಮೇಲೆ ಉದ್ದ ಜೌಗಿನಲ್ಲಿ ಅವನು ಕಡವೆ ಬಿಟ್ಟದ್ದಿಲ್ಲ.

ಆದರೆ ಹೆಲ್ವಿ ಏನನ್ನೂ ಕೇಳಲಿಲ್ಲ. ಅವಳ ಅಂಗಳದ ಹಿಮ ಗೋರಲು ಹೋದರೆ ಅವಳಾಗಲೇ ಗೋರಿ ಮುಗಿಸಿರುತ್ತಿದ್ದಳು. ಸೌದೆ ಇಳಿಸಿ ಬಂದರೆ ಸಂಜೆಯೊಳಗೆ ಕಲೆರ್ವೊನ ಬಾಗಿಲಲ್ಲಿ ಮೀನಿನ ಕಡುಬು ಇರುತ್ತಿತ್ತು. ಪ್ರತಿ ಋತುವಿನ ಮೊದಲ ಬೆಳಗ್ಗೆ ಅವನು ಗುಡುಗುತ್ತಿದ್ದ, "ಏನಾದ್ರೂ ತೋಚಿತಾ?" ಅವಳು, "ಇನ್ನೂ ಯೋಚಿಸ್ತಿದೀನಿ," ಎನ್ನುತ್ತಿದ್ದಳು. ಒಣರೊಟ್ಟಿಯ ಮಾತಿಗೆ ಬೈಯೋಣವೆಂದು ಬಾಯಿಗೆ ಬಂದದ್ದನ್ನೆಲ್ಲ ಅವನು ನುಂಗಿಕೊಳ್ಳಬೇಕಾಯಿತು. ಋಣ ಇಟ್ಟುಕೊಂಡು ಬೈಯುವುದು ಹೇಗೆ? ಆ ಸಿಟ್ಟೇ ಅವನಿಗೆ ಎಲ್ಲಕ್ಕಿಂತ ದೊಡ್ಡದು.

ಕಣ್ಣು ಮಂಜಾದ ಮೇಲೆ ಹೆಲ್ವಿ ಕೋವಿ ಕೊಟ್ಟುಬಿಟ್ಟು ಕಯಾನಿ ಪಟ್ಟಣದಲ್ಲಿ ಒಂದು ಕೋಣೆಯ ಮನೆ ಹಿಡಿದಳು. ಸಾಮಾನು ಸಾಗಿಸಿದ್ದು ಕಲೆರ್ವೊನ ಲಾರಿ. ಕಪಾಟು, ಹಾಸಿಗೆ, ಕಬ್ಬಿಣದ ಹೊಲಿಗೆ ಯಂತ್ರ, ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿ, ಬೆವರು ಒರೆಸಿಕೊಂಡು ಬಾಗಿಲಲ್ಲಿ ನಿಂತ.

"ಈಗ ತೀರ್ತಲ್ಲ?"

ಹೆಲ್ವಿ ಅವನ ಕೈಗೆ ಕಾಫಿ ಬಟ್ಟಲು ಕೊಟ್ಟು, ದಾಲ್ಚಿನ್ನಿ ಬನ್ನೊಂದನ್ನು ಪಕ್ಕದಲ್ಲಿಟ್ಟಳು.

"ಇದಕ್ಕೆ ಕಾಫಿ ಆಯ್ತು, ಬನ್ನೂ ಆಯ್ತು," ಎಂದಳು. "ಅದು ಬೇರೆ."

ಕಲೆರ್ವೊ ಕೆಳಗಿಳಿದು ಲಾರಿಯ ಬಾಗಿಲನ್ನು ಇಡೀ ಬೀದಿಗೆ ಕೇಳುವಂತೆ ಬಡಿದ. ಹೆಲ್ವಿ ಆಮೇಲೆ ಎರಡು ಚಳಿಗಾಲ ಬದುಕಿದ್ದಳು. ಯೋಚಿಸಿ ಮುಗಿಯಿತೆಂದು ಹೇಳಿ ಕಳಿಸಲೇ ಇಲ್ಲ.