ಹೊಳೆಗೆ ಬಿಟ್ಟ ನಿಂಬೆಹಣ್ಣು

ಒಣಗಿದ ಹೊಳೆಗೆ ಬರುವ ಹೊಸ ನೀರಿಗೆ ಒಂದು ವಾಸನೆ ಇರುತ್ತದೆ. ಕಾದ ಮರಳು, ಕುರಿ ಹಿಕ್ಕೆ, ಜಾಲಿ ಎಲೆ ಎಲ್ಲ ನೆನೆದ ವಾಸನೆ. ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದಾಗ ಅದು ಮೂಗಿಗೆ ಬಡಿಯಿತು. ಮೊಮ್ಮಕ್ಕಳು ನೀವೆಲ್ಲ ನೀರು ನೋಡಲು ಓಡಿದಿರಿ. ನನಗೆ ಮಾತ್ರ ಅಳತೆಯಮ್ಮ ನೆನಪಾದರು...

ಅಳತೆಯಮ್ಮ ಎಂದು ಅವರನ್ನು ಕರೆದದ್ದು ಊರವರು. ತೊಂಬತ್ತರ ದಶಕದ ಕೊನೆಯಲ್ಲಿ, ನಮ್ಮ ಚಿನ್ನಹಗರಿ ಹೊಳೆಗೆ ಸೇತುವೆ ಬೇಕೋ ಬೇಡವೋ ಎಂದು ನೋಡಲು ಬಂದ ಇಂಜಿನಿಯರು ಅವರು. ಆಗ ಮೊಳಕಾಲ್ಮೂರಿನ ಬಸ್ಸು ಆಚೆ ದಡದಲ್ಲೇ ನಿಲ್ಲುತ್ತಿತ್ತು. ವರ್ಷದಲ್ಲಿ ಹೆಚ್ಚು ದಿನ ಮರಳಿನ ಮೇಲೆ ನಡೆದು ಹೋಗುತ್ತಿದ್ದೆವು. ಹೊಳೆ ಬಂದರೆ ಆಚೆಯವರು ಆಚೆ, ಈಚೆಯವರು ಈಚೆ. ನಿಮ್ಮ ತಾತನಿಗೆ ಹಾವು ಕಚ್ಚಿದ್ದು ಅಂಥದ್ದೇ ಒಂದು ದಿನ. ಆಸ್ಪತ್ರೆ ಆಚೆ ಇತ್ತು, ಅವರು ಈಚೆ ದಡದಲ್ಲೇ ತೀರಿಕೊಂಡರು. ಆಮೇಲೆ, ಅಳತೆಯಮ್ಮನಿಗಿಂತ ಮೊದಲು, ಯಾರೋ ಬಂದು ಒಣ ಮರಳು ನೋಡಿ, ಇಷ್ಟಕ್ಕೆ ಸೇತುವೆ ಯಾಕೆ, ದಾರಿಯ ಅಡಿಗೆ ನೀರು ಹೋಗಲು ಪೈಪು ಸಾಕೆಂದು ಹಾಕಿಸಿದರು. ಮುಂದಿನ ಸಲ ಬಂದ ಹೊಳೆ ಆ ಪೈಪುಗಳನ್ನೇ ಹೊತ್ತುಕೊಂಡು ಹೋಯಿತು.

ಅಳತೆಯಮ್ಮ ಬೇಸಿಗೆಯಲ್ಲೇ ಬಂದು ಹೊಳೆಯ ಅಗಲ, ತಳದ ಏರುತಗ್ಗು ಎಲ್ಲ ಅಳೆದು ದಡದ ಬಂಡೆಗೆ ಬಣ್ಣದ ಗುರುತು ಹಾಕಿ ಹೋಗಿದ್ದರು. ನೀರು ಓಡುವ ವೇಗ ಒಂದು ಉಳಿದಿತ್ತು. ಅದು ಸಿಕ್ಕದಿದ್ದರೆ ಮತ್ತೆ ಪೈಪೇ ಗತಿ ಎಂದು ಹೇಳಿದ್ದರು. ಮಳೆಗಾಲದಲ್ಲಿ ಮೋಡ ನೋಡಿಕೊಂಡು ಬಂದು ನಮ್ಮ ಮನೆಯಲ್ಲಿ ಉಳಿದರು. ಮರುದಿನವೇ ಹೊಳೆ ಬಂತು.

ತೊಡಕು ಬಂದದ್ದು ಅಲ್ಲಿ. ಹೊಸ ನೀರಿಗೆ ಮುತ್ತೈದೆಯರು ಪೂಜೆ ಮಾಡಿ ನಿಂಬೆಹಣ್ಣು ಬಿಡುವವರೆಗೆ ಯಾರೂ ಕಾಲಿಡಬಾರದು ಎಂಬುದು ಊರಿನ ಕಟ್ಟು. ಪೂಜೆಗೆ ಪೂಜಾರಿ ಬೇಕು. ಪೂಜಾರಿ ಆಚೆ ದಡದಲ್ಲಿ ಛತ್ರಿ ಹಿಡಿದು ನಿಂತಿದ್ದ. ನೀರು ಇಳಿದರೆ ಅವನು ಬರಬೇಕು, ನೀರು ಇಳಿದ ಮೇಲೆ ಅಳೆಯುವುದೇನನ್ನು?

ಅಳತೆಯಮ್ಮ ದಡದಲ್ಲಿ ದೂರ ದೂರಕ್ಕೆ ಎರಡು ಗಳ ನೆಟ್ಟರು. ಮೇಲಿನ ಗಳದ ಹತ್ತಿರ ಒಬ್ಬರು ನೀರಿಗಿಳಿದು ತೇಲುವ ವಸ್ತು ಎಸೆಯಬೇಕು, ಅದು ಕೆಳಗಿನ ಗಳ ದಾಟುವವರೆಗೆ ತಾವು ಗಡಿಯಾರ ನೋಡುವುದಾಗಿ ಹೇಳಿದರು. ಮೇಲಿನ ನೀರು ಓಡಿದಷ್ಟು ತಳದ ನೀರು ಓಡುವುದಿಲ್ಲ, ಅದಕ್ಕೆ ಲೆಕ್ಕದಲ್ಲಿ ಸ್ವಲ್ಪ ಕಳೆಯಬೇಕು ಎಂದೂ ತಿಳಿಸಿ ಹೇಳಿದರು. ಕೆಂಪು ನೀರಿನಲ್ಲಿ ಎದ್ದು ಕಾಣಲು ನಿಂಬೆಹಣ್ಣೇ ಸರಿ ಎಂದರು. ಗಂಡಸರು ಮುಖ ತಿರುಗಿಸಿದರು. ಹೆಂಗಸರು ಕದಲಲಿಲ್ಲ.

ನಾನು ಮನೆಗೆ ಹೋಗಿ ನಿಂಬೆಹಣ್ಣು ಸೆರಗಿಗೆ ಕಟ್ಟಿಕೊಂಡು ಬಂದೆ. ನಾಲ್ಕು ಜನರ ಮುಂದೆ ಬಾಯಿ ಬಿಡದವಳು ನಾನು. ಊರ ಯಜಮಾನರು ಅಡ್ಡ ಬಂದರು.

“ಮೊದಲ್ನೇ ಹಣ್ಣು ಮುತ್ತೈದೆ ಬಿಡ್ಬೇಕು. ನೀನು ಬಿಟ್ರೆ ಹೊಳೆ ಮುನಿಸ್ಕೊಂತೈತೆ, ಬ್ಯಾಡ ಕಣವ್ವ.”

“ಮುನಿಸ್ಕೋಬೇಕಾದೋಳು ನಾನು ಮಾವ,” ಅಂದೆ. “ಹೊಳೆ ಅಲ್ಲ.”

ಆ ಮಾತು ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಜಾಲಿ ಮರಕ್ಕೆ ಕಟ್ಟಿ ಅಳತೆಯಮ್ಮ ನನ್ನನ್ನು ಇಳಿಸಿದರು. ಮೊದಲ ಹಣ್ಣು ದಡದ ಜೊಂಡಿಗೆ ಸಿಕ್ಕಿಕೊಂಡು ನಿಂತಿತು. ಗುಂಪಿನಲ್ಲಿ ಯಾರೋ, “ನೋಡ್ರಪ್ಪ, ಗಂಗಮ್ಮಗೆ ಒಪ್ಪಿಗೆ ಇಲ್ಲ,” ಎಂದು ನಕ್ಕರು.

ಅಳತೆಯಮ್ಮ ಗಡಿಯಾರದಿಂದ ಕಣ್ಣೆತ್ತಲಿಲ್ಲ. “ಬದಿಗೆ ಬಿತ್ತು ಅಷ್ಟೆ. ಇನ್ನೊಂದು ಹೆಜ್ಜೆ ಒಳಗೆ ಹೋಗಿ.”

ಹೋದೆ. ಕಾಲಡಿಯ ಮರಳು ಜಾರುತ್ತಿತ್ತು. ನಡು ಹೊಳೆಗೆ ಬೀಸಿ ಎಸೆದೆ. ಹಣ್ಣು ಮುಳುಗಿ ಎದ್ದು ಓಡಿತು. ಮತ್ತೊಂದು, ಮತ್ತೊಂದು... ಒಮ್ಮೆ ನೋಡಿದರೆ ನಂಬುವ ಹಾಗಿಲ್ಲ, ಮತ್ತೆ ಮತ್ತೆ ನೋಡಬೇಕು ಎನ್ನುತ್ತಿದ್ದರು ಅವರು. ನನ್ನ ಸೆರಗು ಬರಿದಾಯಿತು. ಆಗ ನಮ್ಮತ್ತೆ, ನಿಮ್ಮ ತಾತನನ್ನು ಹೆತ್ತವರು, ಹೆಂಗಸರ ಗುಂಪಿನಿಂದ ಹೊರಗೆ ಬಂದರು. ಪೂಜೆಯ ತಟ್ಟೆಯಲ್ಲಿದ್ದ ನಿಂಬೆಹಣ್ಣುಗಳನ್ನೆಲ್ಲ ಬಾಚಿ ತಂದು ನೀರಿನ ಅಂಚಿನಲ್ಲಿ ನಿಂತು ಕೈ ಚಾಚಿದರು.

“ಇವನ್ನೂ ಬಿಡು. ಪೂಜಾರಿ ಬಂದ್ಮ್ಯಾಲೆ ನೋಡಾನ.”

ಆಮೇಲೆ ಯಾರೂ ನಗಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಸೇತುವೆ ಬಂತು. ಪೈಪಲ್ಲ, ಎತ್ತರದ ಕಂಬಗಳ ಸೇತುವೆ. ಅಷ್ಟರಲ್ಲಿ ಅಳತೆಯಮ್ಮನಿಗೆ ಬೇರೆ ಕಡೆ ವರ್ಗವಾಗಿತ್ತು. ಬಂದೇ ಬರುತ್ತಾರೆ ಎಂದು ಕಾದೆ. ಕಾಯಿಲೆಯಿಂದ ತೀರಿಕೊಂಡರು ಎಂದು ಅವರ ಕಚೇರಿಯ ಡ್ರೈವರು ಯಾವಾಗಲೋ ದಾರಿಯಲ್ಲಿ ಸಿಕ್ಕಾಗ ಹೇಳಿದ. ತಾವು ಅಳೆದ ಹೊಳೆಯನ್ನು ಅವರು ಒಂದು ಸಲವೂ ಬಸ್ಸಿನಲ್ಲಿ ದಾಟಲಿಲ್ಲ...

ಮೊನ್ನೆಯ ಪೂಜೆಗೂ ಮುತ್ತೈದೆಯರು ಮುಂದೆ, ನಮ್ಮಂಥವರು ಹಿಂದೆ ಎಂದರು. ಮಕ್ಕಳೇ, ನನಗೆ ಈಗಲೂ ಜನರನ್ನು ಕಂಡರೆ ನಾಚಿಕೆ. ತಲೆ ತಗ್ಗಿಸಿಕೊಂಡೇ ಹೋದೆ. ಆದರೆ ಹೋಗಿ ಮುಂದೆಯೇ ನಿಂತೆ.