ಚಿಗವ್ವನ ಊರ ಬಾಜುಕ ಐವತ್ತು ಕಿಲೋಮೀಟರ್

ನಾನು ಬಿ.ಎಸ್ಸಿ. ಮುಗಿಸಿದ್ದು ಓಡಿಯೇ. ಶಲವಡಿಯಿಂದ ಹೊರಡುವ ಬೆಳಗಿನ ಬಸ್ಸು ನಮ್ಮ ಹೊಲದ ಮನೆಯ ಕಡೆ ಬರುತ್ತಿರಲಿಲ್ಲ. ಎಮ್ಮೆ ಹಿಂಡಿ, ರೊಟ್ಟಿ ಬುತ್ತಿ ಕಟ್ಟಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಗುಂಟ ಓಡಿದರೆ ಮಾತ್ರ ಅದು ಸಿಗುತ್ತಿತ್ತು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕದ್ದಲ್ಲ ಅದು. ಆದರೆ ಓಟ ಅಂದರೆ ಆಗ ನನಗೆ ಬಸ್ಸು, ಅಷ್ಟೆ. ಹಿಡಿಯಲು ಯಾವ ಬಸ್ಸೂ ಇಲ್ಲದೆ ಓಡಬಹುದು ಎಂಬುದು ನಲವತ್ತು ಹತ್ತಿರವಾದಾಗ ತಿಳಿಯಿತು.

ಈಗ ಅಣ್ಣಿಗೇರಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ದಿನವಿಡೀ ನಿಂತು ನಿಂತು ಸೊಂಟ ಹಿಡಿದುಕೊಂಡಿತು. ಬೆಳಿಗ್ಗೆ ನಡೆಯಿರಿ ಎಂದರು ಡಾಕ್ಟರು. ನಡೆದೆ. ಒಂದು ದಿನ ಶಾಲೆಗೆ ತಡವಾದೀತೆಂದು ಮನೆಯ ಕಡೆಗೆ ಓಡಿದೆ. ಬಾಗಿಲಿಗೆ ಬಂದಾಗ, ಮನೆ ಇನ್ನೂ ಸ್ವಲ್ಪ ದೂರ ಇರಬೇಕಿತ್ತು ಅನ್ನಿಸಿತು. ಹಾಗೆ ಶುರುವಾಯಿತು.

ಗದಗ ರಸ್ತೆಯ ಮೇಲೆ ಓಡಲು ಆಗಲಿಲ್ಲ. ತೊಂದರೆ ಲಾರಿಗಳದ್ದಲ್ಲ, ಜನರದ್ದು. ನಮ್ಮ ಕಡೆ ಸಂಸಾರಸ್ಥ ಹೆಂಗಸು ಓಡುತ್ತಿದ್ದಾಳೆ ಅಂದರೆ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಬಾಜುಕ ಬೈಕು ಬಂದು ನಿಲ್ಲುತ್ತಿತ್ತು.

"ಟೀಚರ್, ಹತ್ರಿ ಹತ್ರಿ. ಯಾರಿಗೇನಾಗೇತ್ರಿ?"

"ಏನೂ ಆಗಿಲ್ರಿ. ಸುಮ್ನ ಓಡಾಕತ್ತೇನಿ."

"ಸುಮ್ನ ಯಾರ್ ಓಡತಾರ್ರೀ? ಹತ್ರಿ, ದವಾಖಾನಿ ತನಾ ಬಿಡತೇನಿ."

ವಾದಿಸಲು ಉಸಿರಿಲ್ಲದೆ ಒಮ್ಮೆ ನಿಜಕ್ಕೂ ಹತ್ತಿ ಕೂತಿದ್ದೇನೆ.

ಅದಕ್ಕೇ ರಸ್ತೆ ಬಿಟ್ಟು ಚಕ್ಕಡಿ ದಾರಿ ಹಿಡಿದೆ. ಹೊಲಗಳ ನಡುವೆ ಹಾದು, ಕಾಲುವೆಯ ದಂಡೆ ಹತ್ತಿ, ಮತ್ತೆ ಹೊಲಕ್ಕೆ ಇಳಿಯುವ ದಾರಿ. ಮಳೆಗಾಲದಲ್ಲಿ ಎರೆಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ರುಬ್ಬುಗುಂಡಾಗುತ್ತಿತ್ತು. ಬೂಟು ಕಳಚಿ ಬರಿಗಾಲಲ್ಲಿ ಮನೆಗೆ ಬರುತ್ತಿದ್ದೆ. ಚಳಿಗಾಲ ಬಂದರೆ ಅದೇ ನೆಲ ಗಟ್ಟಿಯಾಗಿ, ಎರಡೂ ಕಡೆ ಕಡಲೆ ಎದ್ದು ನಿಲ್ಲುತ್ತಿತ್ತು. ಕಡಲೆಗಿಡದ ಹುಳಿ ಇಬ್ಬನಿ ತಾಗಿ ಕಾಲು ಚುರುಚುರು ಅನ್ನುತ್ತಿತ್ತು. ಅಲ್ಲಿ ನನ್ನನ್ನು ಯಾರೂ ಬೈಕಿಗೆ ಹತ್ತಿಸುತ್ತಿರಲಿಲ್ಲ. ಹೆಜ್ಜೆ ಇಡುವ ಜಾಗ ನೋಡಿಕೊಳ್ಳುವುದೊಂದೇ ಕೆಲಸ. ತಲೆಯಲ್ಲಿದ್ದ ಮನೆ, ಶಾಲೆ ಎಲ್ಲ ತಾವಾಗಿಯೇ ಸುಮ್ಮನಾಗುತ್ತಿದ್ದವು.

ಹುಬ್ಬಳ್ಳಿಯಿಂದ ಬಂದು ಹೋಗುವ ನಮ್ಮ ಇಂಗ್ಲಿಷ್ ಟೀಚರು, ನಾನು ಮಾಡುತ್ತಿರುವುದಕ್ಕೆ ಟ್ರೇಲ್ ರನ್ನಿಂಗ್ ಅನ್ನುತ್ತಾರೆ ಎಂದು ಹೇಳಿದರು. ನಮ್ಮ ಚಕ್ಕಡಿ ದಾರಿಗೆ ಅಂಥ ಹೆಸರಿದೆಯೆಂದು ನಗು ಬಂತು. ಅವರೇ ಮೊಬೈಲಿನಲ್ಲಿ ಇನ್ನೊಂದು ತೋರಿಸಿದರು: ಸಂಕ್ರಾಂತಿ ಮುಗಿದ ಮೇಲೆ ಕಲಘಟಗಿ ಕಡೆಯ ಕಾಡುದಾರಿಯಲ್ಲಿ ಐವತ್ತು ಕಿಲೋಮೀಟರ್ ಓಟ. ಮ್ಯಾರಥಾನಿಗಿಂತ ಉದ್ದ ಇದ್ದರೆ ಅಲ್ಟ್ರಾ ಅನ್ನುತ್ತಾರಂತೆ. ಹತ್ತು ತಾಸಿನೊಳಗೆ ಮುಟ್ಟಬೇಕು. ಮುಟ್ಟದಿದ್ದರೆ ಓಡಿದ್ದು ಲೆಕ್ಕಕ್ಕಿಲ್ಲ.

ಆ ರಾತ್ರಿಯೇ ಹೆಸರು ಕೊಟ್ಟೆ. ಡಿಗ್ರಿ ಮಾಡಿದ್ದು ಮನೆಯ ಸಲುವಾಗಿ, ನೌಕರಿ ಹಿಡಿದದ್ದು ತಮ್ಮಂದಿರ ಓದಿನ ಸಲುವಾಗಿ. ಎರಡರ ಬಗ್ಗೆಯೂ ಪಶ್ಚಾತ್ತಾಪವಿಲ್ಲ. ಆದರೆ ಈ ಐವತ್ತು ಕಿಲೋಮೀಟರ್ ಯಾರಿಗೂ ಬೇಕಾಗಿರಲಿಲ್ಲ, ನನಗೊಬ್ಬಳಿಗೇ ಬೇಕಿತ್ತು. ಹಾಗೆ ಬೇಕಾದದ್ದೊಂದನ್ನು ಪೂರಾ ಮಾಡಿ ನೋಡಬೇಕಿತ್ತು.

ನಮ್ಮ ಅತ್ತೆಯವರು ವಿಚಾರಣೆ ನಡೆಸಿದರು. "ಗೆದ್ರ ಏನ್ ಕೊಡತಾರ?"

"ಗೆಲ್ಲೂದಲ್ರಿ ಅತ್ತಿ. ಮುಟ್ಟಿದವರಿಗೆಲ್ಲಾ ಒಂದು ಮೆಡಲ್."

"ಬಂಗಾರದ್ದೇನು?"

"ತಗಡಿನ್ದು."

"ತಗಡಿಗೆ ಐವತ್ತು ಕಿಲೋಮೀಟರ್! ಓದಿದವ್ರ ಹುಚ್ಚು ಬ್ಯಾರೇನ ಇರತೈತಿ ಬಿಡು." ಅಂದರೂ ನಾನು ದೂರದ ಓಟಕ್ಕೆ ಹೋಗುವ ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುವ ಕೆಲಸ ತಮ್ಮ ಕೈಗೆ ತೆಗೆದುಕೊಂಡರು. ಬಡಿಯುವ ಸಪ್ಪಳ ಮಾತ್ರ ಓಣಿಗೆಲ್ಲ ಕೇಳುತ್ತಿತ್ತು.

ದೂರ ಓಡಲು ಕಲಿತೆ, ಓಡುತ್ತಲೇ ಶೇಂಗಾ ಉಂಡೆ ತಿನ್ನಲು ಕಲಿತೆ. ಕಲಿಯಲಾಗದ್ದು ಏರು. ಕಲಘಟಗಿಯಲ್ಲಿ ಗುಡ್ಡಗಳಿವೆ, ನಮ್ಮ ಸೀಮೆ ಪರಾತದ ಹಾಗೆ ಸಪಾಟು. ನನಗೆ ಸಿಕ್ಕ ಗುಡ್ಡ ರೈಲು ಹಳಿಯ ಮೇಲಿನ ಸೇತುವೆ ಒಂದೇ. ಅದನ್ನೇ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು ಮಾಡುತ್ತಿದ್ದರೆ ಹಾಲಿನ ಕ್ಯಾನ್ ಹೇರಿಕೊಂಡು ಹೊರಟವನೊಬ್ಬ ನಿಂತು, ನಾನೇನೋ ಕಳೆದುಕೊಂಡಿದ್ದೇನೆ ಎಂದು ತಿಳಿದು ನೆಲ ಹುಡುಕತೊಡಗಿದ. "ಏನ್ ಬಿದ್ದೈತ್ರಿ ಅಕ್ಕಾರ? ಕಿವ್ಯಾಂದೋ, ಕೊಳ್ಳಾಂದೋ?"

ಓಟದ ಹಿಂದಿನ ವಾರ ಒಂದು ತಪ್ಪು ಮಾಡಿದೆ. ನಮ್ಮವ್ವನ ತಂಗಿ, ನನ್ನ ಚಿಗವ್ವ, ಓಟದ ದಾರಿಯ ಪಕ್ಕದ ಮಿಶ್ರಿಕೋಟಿಯಲ್ಲಿದ್ದಾಳೆ. ಫೋನಿನಲ್ಲಿ ಜಂಬದಿಂದ ಹೇಳಿದೆ: "ನಿಮ್ಮೂರ ಬಾಜುಕನ ಹಾದು ಹೊಂಟೇನಿ ಬೇ." ನಮ್ಮ ಜನರಲ್ಲಿ ಈ ಮಾತಿಗೆ ಇರುವುದು ಒಂದೇ ಅರ್ಥ, ಮನೆಗೆ ಬರುತ್ತಿದ್ದೇನೆ ಎಂದು. ಅದು ಹೊಳೆಯದಷ್ಟು ಓಟದ ಗುಂಗಿನಲ್ಲಿದ್ದೆ.

ಓಟದ ದಿನ ಕಾಡಿನ ಏರುಗಳು ಸೇತುವೆಯಲ್ಲಿ ಕಲಿತದ್ದನ್ನೆಲ್ಲ ಮರೆಸಿದವು. ಏರಿನಲ್ಲಿ ನಡೆದು, ಇಳಿಜಾರಿನಲ್ಲಿ ಓಡಿ, ಮಧ್ಯಾಹ್ನದ ಹೊತ್ತಿಗೆ ಬತ್ತ ಕೊಯ್ದ ಗದ್ದೆಗಳ ಬಯಲಿಗೆ ಬಂದೆ. ಗಡುವಿಗೆ ಸ್ವಲ್ಪ ಮುಂದಿದ್ದೆ, ತೀರಾ ಸ್ವಲ್ಪ. ಮಾವಿನ ಮರದ ಕೆಳಗೆ ಚಾಪೆ ಹಾಸಿತ್ತು. ಚಾಪೆಯ ಮೇಲೆ ಚಿಗವ್ವ, ಓಣಿಯ ನಾಲ್ಕಾರು ಹೆಂಗಸರು, ರೊಟ್ಟಿ ಬುಟ್ಟಿ, ಕುಂಕುಮದ ಬಟ್ಟಲು.

"ಬಾ ತಂಗಿ, ಬಾ. ಎಷ್ಟೊತ್ತಾತು ಕಾಯಾಕತ್ತು!"

"ಚಿಗವ್ವ, ನಿಂದರಾಕ ಆಗೂದಿಲ್ ಬೇ."

"ನಿಂದರಬ್ಯಾಡ. ಕುಂದರು."

ಮನೆಮಗಳು ಊರ ತನಕ ಬಂದು ಉಡಿ ತುಂಬಿಸಿಕೊಳ್ಳದೆ ಹೋದರೆ ಚಿಗವ್ವ ಅದನ್ನು ಜನ್ಮಪೂರ್ತಿ ಆಡಿಕೊಳ್ಳುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಬಿಸಿಲ ಹೊತ್ತಿನಲ್ಲಿ ಕಾದು ಕೂತಿದ್ದ ಅವಳ ಮುಖ ನೋಡಿ ನನಗೆ ದಾಟಿಹೋಗಲು ಆಗಲಿಲ್ಲ. ಕೂತೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯ ಶಿವನ, ಪ್ಯಾಂಟಿಗೆ ಉಡಿ ಎಲ್ಲಿಂದ ತರ್ಲಿ?" ಹೆಂಗಸರೆಲ್ಲ ನಕ್ಕರು. ಒಬ್ಬಾಕೆ ತನ್ನ ಹೆಗಲ ಮೇಲಿನ ಟವೆಲ್ಲನ್ನು ನನ್ನ ಸೊಂಟಕ್ಕೆ ಬಿಗಿದಳು. ಅದರಲ್ಲಿ ಅಕ್ಕಿ, ಖಣ, ಅರಿಷಿಣ ಕೊಂಬು, ಉತ್ತತ್ತಿ, ಎಲ್ಲಕ್ಕೂ ಮೇಲೆ ಒಂದು ತೆಂಗಿನಕಾಯಿ.

ಅಷ್ಟರಲ್ಲಿ ಹಿಂದಿನಿಂದ ಬಂದ ಇಬ್ಬರು ಓಟಗಾರರು, ಇದು ಓಟದವರೇ ಇಟ್ಟ ನೀರಿನ ಠಾಣೆ ಎಂದು ತಿಳಿದು ಬಂದು ನಿಂತರು. ಅವರ ಕೈಗೂ ರೊಟ್ಟಿ, ಕಡಲೆಹಿಟ್ಟಿನ ಜುಣಕ ಬಂತು. "ತಿನ್ರಿ ಅಣ್ಣಾರ, ಓಡೂದು ಇದ್ದದ್ದ ಐತಿ." ತಿಂದರು. ಹೋಗುವಾಗ ನನಗಿಂತ ಮುಂದೆ ಹೋದರು.

ನನ್ನ ವಾಚು ನೋಡಿದೆ. ಗಡುವಿಗಿಂತ ಮುಂದಿದ್ದ ಹೊತ್ತೆಲ್ಲ ಮಾವಿನ ಮರದ ಕೆಳಗೇ ಮುಗಿದಿತ್ತು.

ತುಂಬಿದ ಉಡಿಯನ್ನು ಮನೆ ಮುಟ್ಟುವವರೆಗೆ ಇಳಿಸುವ ರೂಢಿ ನಮ್ಮಲ್ಲಿಲ್ಲ. ಕಾಯಿ ಸೊಂಟಕ್ಕೆ ಕಟ್ಟಿಕೊಂಡೇ ಎದ್ದು ಓಡಿದೆ. ಹೆಜ್ಜೆಗೊಮ್ಮೆ ಅದು ತೊಡೆಗೆ ಬಡಿಯುತ್ತಿತ್ತು. ಕೊನೆಯ ಏರಿನಲ್ಲಿ ಕಾಲು ಮರಗಟ್ಟಿದವು; ನನ್ನ ಶೇಂಗಾ ಉಂಡೆಗಳು ಮುಗಿದಿದ್ದವು. ಉಡಿಗೆ ಕೈಹಾಕಿ ಉತ್ತತ್ತಿ ತೆಗೆದು ಬಾಯಿಗೆ ಹಾಕಿಕೊಂಡೆ. ಮನೆ ಮುಟ್ಟುವ ಮೊದಲು ತಿನ್ನಬಹುದೋ ಇಲ್ಲವೋ ಗೊತ್ತಿರಲಿಲ್ಲ. ಒಣ ಖರ್ಜೂರದ ಆ ಸಿಹಿಗೆ ಕಾಲು ಮತ್ತೆ ಕದಲಿದವು. ಒಂದನ್ನು ಚಪ್ಪರಿಸುತ್ತ ಸಾಗುವಾನಿ ಗಿಡಗಳ ನಡುವೆ ಮೇಲೆ ಹತ್ತಿದೆ, ಇನ್ನೊಂದನ್ನು ಚಪ್ಪರಿಸುತ್ತ ಇಳಿದೆ. ಕೆಳಗೆ ಬಯಲಿನಲ್ಲಿ ಬಟ್ಟೆಯ ಕಮಾನು ಕಂಡಿತು. ಅದರ ಬಾಜುಕ ಇಟ್ಟಿದ್ದ ಗಡಿಯಾರ ಇನ್ನೂ ಹತ್ತು ತಾಸು ತೋರಿಸಿರಲಿಲ್ಲ.

ಓಡಿದೆ. ಅಳು ಬರುತ್ತಿತ್ತು, ಅದಕ್ಕೂ ಉಸಿರು ಬೇಕಲ್ಲ, ಆಮೇಲೆ ಅಂದುಕೊಂಡೆ. ಕಮಾನು ದಾಟಿ ಹುಲ್ಲಿನ ಮೇಲೆ ಕೂತೆ. ಮೆಡಲ್ ಹಾಕಲು ಬಂದ ಹುಡುಗಿ ನನ್ನ ಸೊಂಟದ ಗಂಟನ್ನು ನೋಡುತ್ತಲೇ ಅದನ್ನು ಕೊರಳಿಗೆ ಹಾಕಿದಳು.

ಉಸಿರು ಹದಕ್ಕೆ ಬಂದ ಮೇಲೆ ಚಿಗವ್ವನಿಗೆ ಫೋನು ಮಾಡಿದೆ.

"ಮುಟ್ಟಿದೇನು?"

"ಮುಟ್ಟಿದೆ ಬೇ."

"ಹೊತ್ತಿಗೆ ಸರಿಯಾಗಿ?"

"ಹೊತ್ತಿಗೆ ಸರಿಯಾಗಿ."

"ನಾ ಉಡಿ ತುಂಬಿದ್ದಕ್ಕ ಮುಟ್ಟಿದಿ ನೋಡು. ಇಲ್ಲಂದ್ರ ಎಲ್ಲಿ ಮುಟ್ಟತಿದ್ದಿ?"

ನಾನು ಗಣಿತದ ಟೀಚರು. ಚಾಪೆಯ ಮೇಲೆ ಎಷ್ಟು ಹೊತ್ತು ಹೋಯಿತು ಎಂಬ ಲೆಕ್ಕ ನನ್ನ ಬೆರಳ ತುದಿಯಲ್ಲಿತ್ತು. ಉತ್ತತ್ತಿಯ ಲೆಕ್ಕ ಮಾತ್ರ ಹೇಗೆ ಹಾಕುವುದೋ ತಿಳಿಯಲಿಲ್ಲ.

"ಹೌದ್ ಬೇ ಚಿಗವ್ವ," ಎಂದೆ.